ನೆಲ ಡೊಂಕು

ಬಾಗಿಲು ತೆರೆದಿಡಬೇಕೋ, ಮುಚ್ಚಬೇಕೋ? ತೆರೆದಿಟ್ಟರೆ ಆಟದ ಗಂಟೆಗಳ ಸದ್ದು ನೇರ ಬಾಲ್ಕನಿಗೆ ಹೋಗಿ ಮಾವನ ಕಿವಿಗೆ ಬೀಳುತ್ತದೆ. ಅದು ಕರೆದ ಹಾಗಾಗುತ್ತದೋ, ಕೆಣಕಿದ ಹಾಗಾಗುತ್ತದೋ? ಮುಚ್ಚಿದರೆ ತಾನೊಬ್ಬನೇ ಕೂತು ಆಡಿದಂತಾಗುತ್ತದೆ. ಮೂವತ್ತೊಂಬತ್ತರ ಗಂಡಸು, ಬೆಳಿಗ್ಗೆ ಹನ್ನೊಂದೂವರೆಗೆ, ಮಾಡಬೇಕಾದ ಕೆಲಸ ಬದಿಗಿಟ್ಟು. ಅರ್ಧ ತೆರೆದಿಟ್ಟರೆ? ಅದು ಎಲ್ಲಕ್ಕಿಂತ ಕೆಟ್ಟದ್ದು. ಅರ್ಧ ತೆರೆದ ಬಾಗಿಲಲ್ಲಿ ಉದ್ದೇಶ ಎದ್ದು ಕಾಣುತ್ತದೆ. ಹೀಗೆಲ್ಲ ಯೋಚಿಸಿದ ಅಳಿಯ, ಬಾಗಿಲನ್ನು ಅರ್ಧ ತೆರೆದಿಟ್ಟು ಬಂದು ಕುರ್ಚಿಯಲ್ಲಿ ಕೂತ.

ಪುಸ್ತಕಗಳಿಗೆ ಪದಸೂಚಿ ಮಾಡುವುದು ಅವನ ಕೆಲಸ. ಅಚ್ಚಿಗೆ ಹೋಗುವ ಮುಂಚೆ ಪುಟಗಳು ಅವನ ಬಳಿ ಬರುತ್ತವೆ. ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕ್ಷರಕ್ರಮದಲ್ಲಿ ಪಟ್ಟಿ ಮಾಡಿ ಕಳಿಸುತ್ತಾನೆ. ಇಡೀ ಪುಟ ಒಮ್ಮೆಗೇ ಕಾಣಲೆಂದು ಕಂಪ್ಯೂಟರಿನ ಪರದೆಯನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ ನಿಲ್ಲಿಸಿಕೊಂಡಿದ್ದ. ಆರು ವರ್ಷದಿಂದ ಅದು ಹಾಗೇ ನೆಟ್ಟಗೆ ನಿಂತಿತ್ತು. ಕಳೆದ ಭಾನುವಾರ ಅದರಲ್ಲಿ ಒಂದು ಪಿನ್‌ಬಾಲ್ ಆಟ ಹಾಕಿಕೊಂಡಾಗ, ಪುಟಕ್ಕೆಂದು ತಿರುಗಿಸಿದ ಪರದೆ ಪಿನ್‌ಬಾಲ್ ಮೇಜಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಮೇಲ್ತುದಿಯಲ್ಲಿ ಬಣ್ಣದ ದೀಪಗಳು, ಗುಂಡು ತಾಗಿದರೆ ಎಗರಿಸಿ ಒದೆಯುವ ಅಣಬೆಯಾಕಾರದ ಗುಬುಟುಗಳು. ಕೆಳತುದಿಯಲ್ಲಿ ಬಡಿಯುವ ಎರಡು ರೆಕ್ಕೆ. ರೆಕ್ಕೆಗಳ ನಡುವೆ, ತಪ್ಪಿಸಿಕೊಂಡ ಗುಂಡನ್ನು ನುಂಗಲು ಬಾಯಿ ತೆರೆದು ಕಾಯುವ ಚರಂಡಿ. ಕೀಬೋರ್ಡಿನ ಎಡತುದಿಯ ಕೀಲಿ ಒತ್ತಿದರೆ ಎಡ ರೆಕ್ಕೆ, ಬಲತುದಿಯದು ಒತ್ತಿದರೆ ಬಲ ರೆಕ್ಕೆ. ಅಷ್ಟೇ ಆಟ.

ಅವನಿಗೆ ಆಟದ ಹುಚ್ಚೇನೂ ಇರಲಿಲ್ಲ. ಹುಚ್ಚಿದ್ದದ್ದು ಮಾವನಿಗೆ, ಅದೂ ಆಡುವ ಹುಚ್ಚಲ್ಲ, ರಿಪೇರಿ ಮಾಡುವ ಹುಚ್ಚು. ಮೂವತ್ನಾಲ್ಕು ವರ್ಷ ಮಾವ ಒಂದು ದೊಡ್ಡ ಆಟದ ಹಾಲಿನಲ್ಲಿ ಮೆಕ್ಯಾನಿಕ್. ನಲವತ್ತು ಪಿನ್‌ಬಾಲ್ ಯಂತ್ರಗಳು ಅವರ ಕೈಕೆಳಗೆ. ಹಾಲ್ ಮುಚ್ಚುವ ವರ್ಷ ಒಂದು ಯಂತ್ರದ ಗುಂಡು ಬಲಕ್ಕೆ ಎಳೆಯುತ್ತಿದೆ ಎಂದು ಮಾವ ಹೇಳಿದ್ದರು. ಬೇರೆ ಯಾರಿಗೂ ಅದು ಕಾಣಲಿಲ್ಲ. ಹೊಸ ಮ್ಯಾನೇಜರ್ ಎಲ್ಲರೆದುರು, "ಯಜಮಾನ್ರೇ, ಯಂತ್ರ ನೆಟ್ಟಗೇ ಇದೆ. ವಾಲಿರೋದು ನಿಮ್ಮ ಕಣ್ಣು," ಎಂದು ನಕ್ಕಿದ್ದ. ಮಾವ ವಾದ ಮಾಡಲಿಲ್ಲ. ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಹಾಲ್ ಮುಚ್ಚಿತು, ಮಾವ ಮಗಳ ಮನೆಗೆ ಬಂದರು, ಉಪಕರಣದ ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಎರಡು ವರ್ಷದಿಂದ ಅವರು ಬಾಲ್ಕನಿಯಲ್ಲಿ ಕೂತು ಎದುರು ಕಟ್ಟಡದ ಗೋಡೆ ನೋಡುತ್ತಾರೆ.

ಈಗ ಒಬ್ಬ ಹೆಂಗಸು ಹಳೆಯ ಗೋದಾಮೊಂದನ್ನು ಹಿಡಿದು, ಅದರಲ್ಲಿ ಹನ್ನೊಂದು ಹಳೆಯ ಪಿನ್‌ಬಾಲ್ ಯಂತ್ರ ತಂದಿಟ್ಟುಕೊಂಡಿದ್ದಳು. ಮನೆಯಲ್ಲಿ ಅವಳಿಗೆ 'ಗೋದಾಮಿನ ಮೇಡಂ' ಎಂದೇ ಹೆಸರು ಬಿದ್ದಿತ್ತು. ಆ ಯಂತ್ರಗಳನ್ನು ಎಬ್ಬಿಸಿ ನಿಲ್ಲಿಸಲು ಮಾವನೇ ಬೇಕು ಎಂದು ಮೂರು ಸಲ ಫೋನ್ ಮಾಡಿದ್ದಳು. ಶುಕ್ರವಾರದೊಳಗೆ ತಿಳಿಸಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದಳು. ಮಾವ "ನೋಡೋಣ" ಅಂದಿದ್ದರು. ಮಾವ "ಆಗಲ್ಲ" ಅಂದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. "ನೋಡೋಣ" ಅಂದರೆ ಮುಗಿದ ಹಾಗೆ.

ಇವತ್ತು ಬುಧವಾರ.

ಅಳಿಯ ಮೂರು ಗುಂಡು ಕಳೆದುಕೊಂಡ. ನಾಲ್ಕನೆಯದೂ ಚರಂಡಿಗೆ ಬೀಳುವಾಗ ಬೆನ್ನ ಹಿಂದೆ ಚಪ್ಪಲಿಯ ಸದ್ದು ನಿಂತಿತು. ಅವನು ತಿರುಗಲಿಲ್ಲ. ಐದನೆಯದನ್ನು ಬಿಟ್ಟ.

"ಎಡಕ್ಕೆ ಎಳೀತಿದೆ," ಅಂದರು ಮಾವ.

"ಏನು ಮಾವ?"

"ಗುಂಡು. ನೀವು ರೆಕ್ಕೆ ನೋಡ್ತಿದೀರಿ ಅಳಿಯಂದ್ರೇ, ಅದಕ್ಕೇ ಕಾಣ್ತಿಲ್ಲ. ಆಡಬೇಡಿ. ಸುಮ್ಮನೆ ಬಿಟ್ಟು, ಬೀಳೋದನ್ನ ನೋಡಿ."

ಮದುವೆಯಾದ ಆರು ವರ್ಷದಲ್ಲಿ ಮಾವ ಅವನೊಂದಿಗೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲಿರಬೇಕು. ಆಟದಲ್ಲಿ ಅಭ್ಯಾಸಕ್ಕೆಂದು ಒಂದು ಅನುಕೂಲವಿತ್ತು: ಗುಂಡನ್ನು ಬೇಕಾದ ಕಡೆ ಇಟ್ಟು ಬಿಡಬಹುದು. ಅಳಿಯ ಅದನ್ನು ಮೇಲೆ ನಟ್ಟನಡುವೆ ಇಟ್ಟು ಬಿಟ್ಟ. ಗುಂಡು ಉರುಳಿ ಬಂದು ರೆಕ್ಕೆಗಳ ನಡುವೆ ಬಿತ್ತು. ಅವನ ಕಣ್ಣಿಗೆ ನೇರವಾಗೇ ಬಿದ್ದಂತಿತ್ತು.

"ಕಾಣಿಸ್ತಾ?"

"ಹ್ಞೂಂ," ಅಂದ, ಏನೂ ಕಾಣದೆ. ಆಮೇಲೆ ತಡೆಯಲಾರದೆ, "ಆದ್ರೆ ಮಾವ, ಇದು ಕಂಪ್ಯೂಟರು. ಇದರಲ್ಲಿ ನಿಜವಾದ ಗುಂಡು ಎಲ್ಲಿದೆ, ಎಳೆಯೋಕೆ?"

ಮಾವ ತಿರುಗಿ ಹೊರಟುಹೋದರು. ಕೆಡಿಸಿಬಿಟ್ಟೆ ಎಂದುಕೊಂಡ ಅಳಿಯ. ಆದರೆ ಒಳಗೆ ಮಂಚದ ಕೆಳಗಿಂದ ಕಬ್ಬಿಣದ ಪೆಟ್ಟಿಗೆ ಎಳೆದ ಸದ್ದು ಕೇಳಿತು. ಮಾವ ಕೈಯಲ್ಲಿ ಮಟ್ಟಗೋಲು ಹಿಡಿದು ಬಂದರು. ಗಾಜಿನ ಕೊಳವೆಯ ಹಸಿರು ನೀರಲ್ಲಿ ಒಂದು ಗುಳ್ಳೆ. ಅದನ್ನು ಮೇಜಿನ ಮೇಲೆ, ಪರದೆಯ ಬುಡಕ್ಕೆ ಇಟ್ಟರು. ಗುಳ್ಳೆ ನಡುವೆ ನಿಲ್ಲದೆ ಬಲಕ್ಕೆ ಸರಿಯಿತು.

"ನೋಡಿ. ಎಡಗಡೆ ತಗ್ಗು. ನಿಮ್ಮ ಮನೆ ನೆಲವೇ ಸರಿ ಇಲ್ಲ."

"ಮಾವ, ಮೇಜು ವಾಲಿದ್ರೆ ಪರದೆ ಒಳಗಿನ ಗುಂಡಿಗೆ ಹೇಗೆ..."

"ಫೋನ್ ತಿರುಗಿಸಿದ್ರೆ ಒಳಗಿನ ಚಿತ್ರ ತಿರುಗಲ್ವಾ? ಅಂಗೈ ಅಗಲದ ಫೋನಿಗೆ ಡೊಂಕು ಗೊತ್ತಾಗುತ್ತೆ, ಇಷ್ಟು ದೊಡ್ಡ ಪರದೆಗೆ ಗೊತ್ತಾಗಲ್ವಾ?"

ಈ ಮಾತಿಗೆ ಅಳಿಯನಲ್ಲಿ ಚಿಕ್ಕ ಉತ್ತರ ಇರಲಿಲ್ಲ. ಉದ್ದ ಉತ್ತರ ಕೊಡುವ ಸ್ವಭಾವ ಅವನದಲ್ಲ. ಮಾವ ಮೊಣಕಾಲೂರಿ, ಹಳೆಯ ರಟ್ಟಿನ ಡಬ್ಬಿ ಕತ್ತರಿಸಿ ಎರಡು ತುಂಡು ಮಾಡಿ, ಮೇಜಿನ ಎಡಗಾಲುಗಳ ಕೆಳಗೆ ತುರುಕುತ್ತಿದ್ದರು. ಸರಿಯಾಗಿ ಆಗಲೇ ಮಗಳು ಬಂದಳು. ಅವಳು ಬಸ್ ಡ್ರೈವರ್. ಬೆಳಗಿನ ಟ್ರಿಪ್ಪುಗಳನ್ನು ಮುಗಿಸಿ, ಸಮವಸ್ತ್ರದಲ್ಲೇ ಊಟಕ್ಕೆ ಬರುವ ಹೊತ್ತು.

"ಏನಪ್ಪಾ ಇದು, ಮೇಜಿಗೆ ಸಾಷ್ಟಾಂಗ?"

ಅಳಿಯ ವಿಷಯ ಹೇಳಿದ. ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ಇವರಿಗೆ ಆಡೋಕೆ ಬರಲ್ಲ, ನೀನು ನೆಲ ರಿಪೇರಿ ಮಾಡ್ತಿದೀಯ. ಅಳಿಯ ಅಲ್ಲ, ಮಗಳ ಗಂಡ. ಇಬ್ರೂ ಒಂದೇ!"

ಅವಳು ತಮಾಷೆಗೆ ಅಂದಳು. ಮನೆಯಲ್ಲಿ ಇಬ್ಬರು ಮೂಕರ ನಡುವೆ ರೇಡಿಯೋ ಕೆಲಸವೂ ತನ್ನದೇ ಎಂಬುದು ಅವಳ ಯಾವತ್ತಿನ ದೂರು. ಆದರೆ ಮಾವನ ಕಿವಿ ಕೆಂಪಾದದ್ದನ್ನು ಅಳಿಯ ನೋಡಿದ. ಅವರು ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡು, "ಊಟ ಆದಮೇಲೆ ನೋಡೋಣ," ಅಂದರು.

ನೋಡೋಣ. ಮುಗಿದ ಹಾಗೆ.

ಊಟವಾಗಿ ಮಾವ ಮಲಗಿದಾಗ, ಮಗಳು ಮತ್ತೆ ಡ್ಯೂಟಿಗೆ ಹೋದಾಗ, ಅಳಿಯ ಆಟದ ಒಳಗನ್ನು ಕೆದಕಿದ. ಯಾವ ವಿಷಯ ಎಲ್ಲಿ ಅಡಗಿದೆ ಎಂದು ಹುಡುಕುವುದು ಅವನ ಅನ್ನದ ಕೆಲಸವೇ ತಾನೆ. ಸೆಟ್ಟಿಂಗುಗಳ ಪಟ್ಟಿಯಲ್ಲಿ ಬೆಳಕು, ಸದ್ದು, ರೆಕ್ಕೆಯ ಬಲ; ಅದರ ಕೆಳಗೆ ಮೇಜಿನ ಇಳಿಜಾರು, ಆರೂವರೆ ಡಿಗ್ರಿ. ಅದರ ಕೆಳಗೆ ಇನ್ನೊಂದು ಸಾಲು: ಅಡ್ಡವಾಲು, ಎಡಕ್ಕೆ, 0.3. ಪಕ್ಕದಲ್ಲಿ ಆಟ ಮಾಡಿದವನು ಬರೆದ ಟಿಪ್ಪಣಿ: 'ನಿಜವಾದ ಒಂದು ಹಳೆಯ ಯಂತ್ರವನ್ನು ಅಳೆದು ಮಾಡಿದ್ದು. ದೋಷಗಳನ್ನೂ ಇದ್ದ ಹಾಗೆ ಉಳಿಸಿಕೊಂಡಿದ್ದೇನೆ.'

ಅಳಿಯ ಆ ಸಾಲನ್ನು ನಾಲ್ಕು ಸಲ ಓದಿದ. ಡಿಗ್ರಿಯಲ್ಲಿ ಹತ್ತರಲ್ಲಿ ಮೂರು ಪಾಲು. ತಾನು ಮೂರು ದಿನ ಆಡಿಯೂ ಕಾಣದ್ದನ್ನು ಮಾವ ಬಾಗಿಲಲ್ಲಿ ನಿಂತು, ಕನ್ನಡಕವೂ ಇಲ್ಲದೆ, ಒಂದೇ ಗುಂಡಿನಲ್ಲಿ ಕಂಡಿದ್ದರು. ರೋಗ ಕಂಡುಹಿಡಿದದ್ದು ಸರಿ. ಮದ್ದು ಹಚ್ಚಿದ್ದು ಮಾತ್ರ ಪಕ್ಕದ ಮನೆಯವನಿಗೆ.

ಎಬ್ಬಿಸಿ ತೋರಿಸಬಹುದಿತ್ತು. ತೋರಿಸಿದರೆ ರಟ್ಟಿನ ವಿಷಯ ಬರುತ್ತದೆ. ರಟ್ಟಿನಿಂದ ಏನೂ ಆಗಿಲ್ಲ ಎಂದು ತಿಳಿದರೆ ಆ ಕಿವಿ ಇನ್ನೊಮ್ಮೆ ಕೆಂಪಾಗುತ್ತದೆ. ನಾಳಿದ್ದು ಶುಕ್ರವಾರ. ಅವನು ಬೆರಳನ್ನು ಕೀಲಿಯ ಮೇಲೆ ಬಹಳ ಹೊತ್ತು ಇಟ್ಟುಕೊಂಡಿದ್ದು, 0.3 ಅಳಿಸಿ ಸೊನ್ನೆ ಮಾಡಿ, ಸೇವ್ ಒತ್ತಿದ.

ಸಂಜೆ ಮಾವ ಬಂದು, "ಬಿಡಿ," ಅಂದರು. ಗುಂಡು ಉರುಳಿತು. ಮಾವ ಇನ್ನೊಮ್ಮೆ ಬಿಡಿಸಿದರು. ಮತ್ತೊಮ್ಮೆ. ಆಮೇಲೆ ಅಡುಗೆಮನೆಯ ಕಡೆ ಕೂಗಿದರು: "ಏ, ಡ್ರೈವರಮ್ಮ! ಬಾ ಇಲ್ಲಿ. ನೆಲ ಡೊಂಕಿತ್ತು ಅಂತ ಒಪ್ಕೊ."

"ಒಪ್ಕೊಂಡೆ ಮಾರಾಯ, ಒಪ್ಕೊಂಡೆ. ಇನ್ಮೇಲೆ ನಾನು ಕುಣಿಯೋಕೆ ಮುಂಚೆ ನಿನ್ನ ಕರೀತೀನಿ."

ಆ ರಾತ್ರಿ ಊಟದಲ್ಲಿ ಮಾವ ಎರಡು ಸಲ ನಕ್ಕರು. ತಟ್ಟೆ ತೊಳೆಯುವಾಗ ಹೆಂಡತಿ ಮೆಲ್ಲಗೆ ಕೇಳಿದಳು, "ರೀ, ನಿಜವಾಗ್ಲೂ ಆ ರಟ್ಟು ಇಟ್ಟಿದ್ದಕ್ಕೇ ಸರಿಹೋಯ್ತಾ?" ಅವನು "ಹ್ಞೂಂ" ಅಂದ. ಅವಳು ಅವನ ಮುಖವನ್ನು, ಸಿಗ್ನಲ್ಲಿನಲ್ಲಿ ಹಳದಿ ದೀಪ ನೋಡುವಂತೆ, ಒಂದು ಕ್ಷಣ ನೋಡಿ, ಮುಂದಿನ ತಟ್ಟೆ ಎತ್ತಿಕೊಂಡಳು.

ಗುರುವಾರ ಮಾವ ಪೆಟ್ಟಿಗೆ ಬಿಚ್ಚಿ, ಸ್ಕ್ರೂಡ್ರೈವರುಗಳನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ, ಉದ್ದದ ಲೆಕ್ಕದಲ್ಲಿ ಸಾಲಾಗಿ ಜೋಡಿಸಿದರು. ಗೋದಾಮಿನ ಮೇಡಂ ಹತ್ತಿರ ಯಾವ ಕಾಲದ ಯಂತ್ರಗಳಿವೆ ಎಂದು ಮಗಳನ್ನು ಕೇಳಿದರು. ಮಗಳು ಗಂಡನಿಗೆ ಕಣ್ಣು ಹೊಡೆದಳು.

ಶುಕ್ರವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಅಳಿಯನ ಕೋಣೆಗೆ ಬಂದರು. ಫೋನ್ ಮಾಡಲು ಯಾರಾದರೂ ಇಸ್ತ್ರಿ ಅಂಗಿ ಹಾಕುತ್ತಾರೆಯೇ ಎಂದು ಅಳಿಯನಿಗೆ ನಗು ಬಂತು.

"ಹನ್ನೆರಡಕ್ಕೆ ಮೇಡಂಗೆ ಫೋನ್ ಮಾಡ್ತೀನಿ ಅಳಿಯಂದ್ರೇ. ಅದಕ್ಕೆ ಮುಂಚೆ ಒಂದು ಕೆಲಸ ಬಾಕಿ ಇದೆ." ಮಾವ ಬಗ್ಗಿ ಮೇಜಿನ ಕಾಲಿನ ಕೆಳಗಿಂದ ರಟ್ಟು ಎಳೆದರು.

"ಅದ್ಯಾಕೆ ತೆಗೀತಿದೀರಿ ಮಾವ? ಸರಿ ಇದೆಯಲ್ಲ!"

"ಸರಿ ಇದೆ ಅಂತ ಹೇಗೆ ಗೊತ್ತು? ರಿಪೇರಿ ಆದಮೇಲೆ ಒಂದ್ಸಲ ಬಿಚ್ಚಿಬಿಡಬೇಕು. ಕೆಟ್ಟದ್ದು ವಾಪಸ್ ಬರಬೇಕು. ಬಂದ್ರೆ ಮಾತ್ರ ಸರಿ ಮಾಡಿದ್ದು ನಾವು. ಬರಲಿಲ್ಲ ಅಂದ್ರೆ ಕಾಗೆ ಕೂತದ್ದು, ಕೊಂಬೆ ಮುರಿದದ್ದು. ಮೂವತ್ನಾಲ್ಕು ವರ್ಷ ಹೀಗೇ ಮಾಡಿದೀನಿ. ಬಿಡಿ ಗುಂಡು."

ಅಳಿಯ ಗುಂಡನ್ನು ಮೇಲೆ ನಟ್ಟನಡುವೆ ಇಟ್ಟ. ಬಿಟ್ಟ. ಗುಂಡು ನೆಟ್ಟಗೆ ಬಂದು ಬಿತ್ತು.

"ಇನ್ನೊಂದು."

ನೆಟ್ಟಗೆ.

ಮಾವ ಎರಡನೆಯ ರಟ್ಟನ್ನೂ ಎಳೆದು ಹಾಕಿದರು. ಮಟ್ಟಗೋಲು ಇಟ್ಟರು. ಗುಳ್ಳೆ ಬಲಕ್ಕೆ ಓಡಿತು. ಮೇಜು ಮೊದಲಿನಷ್ಟೇ ವಾಲಿತ್ತು. ಗುಂಡು ಮಾತ್ರ ನೂಲು ಹಿಡಿದಂತೆ ನೆಟ್ಟಗೆ. ಐದು ಸಲ ನೋಡಿದರು. ಆಮೇಲೆ ನೋಡಲಿಲ್ಲ.

"ಹಾಗಾದ್ರೆ ಅವತ್ತೂ ಎಳೀತಿರಲಿಲ್ಲ," ಅಂದರು.

"ಮಾವ..."

"ಇಲ್ಲ, ಬಿಡಿ. ಇರದಿದ್ದನ್ನ ಕಂಡೆ. ಈಗ ಎರಡನೇ ಸಲ." ಮಾವ ಮಟ್ಟಗೋಲನ್ನು ಅಂಗಿಯ ತುದಿಯಿಂದ ಒರೆಸಿ, ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲೆ ಮಲಗಿಸಿದರು. "ಪಾಪ ಆ ಹೆಂಗಸು ಕಾಯ್ತಿದಾಳೆ. ಬೇರೆಯವರನ್ನ ನೋಡ್ಕೊಳ್ಳಿ ಅಂತ ಈಗಲೇ ಹೇಳಿಬಿಡೋದು ಮರ್ಯಾದೆ."

ಅವರು ಬಾಗಿಲು ದಾಟಿದರು. ಹಜಾರದಲ್ಲಿ ಫೋನ್ ಎತ್ತಿಕೊಂಡ ಸದ್ದು, ಕನ್ನಡಕ ಹುಡುಕಿದ ಸದ್ದು. ಅಳಿಯ ಕುರ್ಚಿಯಲ್ಲೇ ಕೂತಿದ್ದ. ಸುಮ್ಮನಿರುವುದು ಅವನಿಗೆ ಯಾವತ್ತೂ ಸುಲಭದ ಕೆಲಸ. ಸುಮ್ಮನಿದ್ದರೆ ತಪ್ಪಾಗುವುದಿಲ್ಲ ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದ. ಒಂದು ಅಂಕಿ ಅಳಿಸಿ ಒಬ್ಬ ಮನುಷ್ಯನ ಕಣ್ಣನ್ನೇ ಅಳಿಸಿಬಿಟ್ಟೆನಲ್ಲ ಎಂದು ಈಗ ಹೊಳೆಯಿತು.

"ಮಾವ, ಫೋನ್ ಇಡಿ!" ಅವನ ಧ್ವನಿ ಅವನಿಗೇ ಗುರುತು ಸಿಗಲಿಲ್ಲ.

ಮಾವ ಬಾಗಿಲಿಗೆ ಬಂದರು, ಫೋನ್ ಕೈಯಲ್ಲೇ ಇತ್ತು.

"ಎಳೀತಿತ್ತು. ಅವತ್ತು ನಿಜವಾಗ್ಲೂ ಎಳೀತಿತ್ತು. ನಾನೇ ಸರಿ ಮಾಡಿಬಿಟ್ಟೆ, ನೀವು ಮಲಗಿದ್ದಾಗ. ಇಲ್ಲಿ ನೋಡಿ." ಅವನು ಆ ಸಾಲು ತೆರೆದು ತೋರಿಸಿದ. ಟಿಪ್ಪಣಿಯನ್ನು ಓದಿ ಹೇಳಿದ. ರಟ್ಟಿನ ವಿಷಯವನ್ನೂ ಹೇಳಿದ. ಕಂಪ್ಯೂಟರಿಗೆ ನೆಲ ಗೊತ್ತಾಗುವುದಿಲ್ಲ, ಫೋನಿನೊಳಗೆ ಅದಕ್ಕೇ ಬೇರೆ ಒಂದು ಸಣ್ಣ ಯಂತ್ರ ಇರುತ್ತದೆ, ಈ ಪರದೆಯೊಳಗೆ ಅದಿಲ್ಲ ಎಂದ.

ಮಾವ ಬಗ್ಗಿ ಆ ಅಂಕಿಯನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡ. ಬೈಯಲಿಲ್ಲ.

"ನನ್ನ ಸಮಾಧಾನಕ್ಕೆ ಈಗ ನೀವು ಇನ್ನೊಂದು ಕಥೆ ಕಟ್ತಿಲ್ಲ ಅಂತ ಏನು ಗ್ಯಾರಂಟಿ?" ಅಂದರು ಕೊನೆಗೆ. ಕೋಪವಿರಲಿಲ್ಲ ಆ ಮಾತಲ್ಲಿ. ಅದಕ್ಕೇ ಅದು ಹೆಚ್ಚು ನಾಟಿತು.

"ಪರೀಕ್ಷೆ ಮಾಡೋಣ," ಅಂದ ಅಳಿಯ. "ನೀವು ಗೋಡೆ ಕಡೆ ತಿರುಗಿ. ನಾನು ಯಾವುದಾದರೂ ಅಂಕಿ ಹಾಕ್ತೀನಿ. ಗುಂಡು ನೋಡಿ ನೀವು ಹೇಳಿ."

ಮಾವ ಫೋನನ್ನು ಜೇಬಿಗೆ ಹಾಕಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹಾಗೆ ಗೋಡೆಗೆ ಮುಖ ಮಾಡಿದರು. ಅಳಿಯ ಬಲಕ್ಕೆ 0.3 ಹಾಕಿ, ಸೇವ್ ಮಾಡಿ, ಅಂಕಿಯ ಕಿಟಕಿ ಮುಚ್ಚಿ, ಗುಂಡು ಬಿಟ್ಟ.

"ಬಲಕ್ಕೆ. ಮೊನ್ನೆ ಎಡಕ್ಕೆ ಇದ್ದಷ್ಟೇ."

ಎರಡನೆಯ ಸಲ ಎಡಕ್ಕೆ 0.1.

"ಎಡ. ಸ್ವಲ್ಪವೇ. ಒಂದು ರಟ್ಟೂ ಬೇಡ, ಒಂದು ಹಾಳೆ ಮಡಚಿಟ್ಟರೆ ಸಾಕು."

ಮೂರನೆಯದು ಬಲಕ್ಕೆ ಅರ್ಧ ಡಿಗ್ರಿ. "ಥೂ, ಇದು ಕುಡಿದಿದೆ," ಅಂದರು. ನಾಲ್ಕನೆಯದು ಸೊನ್ನೆ. "ನೆಟ್ಟಗಿದೆ." ಅವರ ಧ್ವನಿ ಏರುತ್ತಿತ್ತು. ಗೋಡೆ ಕಡೆ ತಿರುಗುವಾಗ ಮೊದಲಿದ್ದ ಭಾರ ಕಾಲಿನಲ್ಲಿರಲಿಲ್ಲ. ಅಳಿಯನ ಕೈಯೂ ಚುರುಕಾಯಿತು. ಐದನೆಯ ಸಲ ಬಲಕ್ಕೆ 0.2 ಹೊಡೆದು, ಕಿಟಕಿ ಮುಚ್ಚಿ, ಗುಂಡು ಬಿಟ್ಟ.

ಮಾವ ನೋಡಿದರು. ಇನ್ನೊಮ್ಮೆ ಬಿಡಿಸಿದರು. ಹುಬ್ಬು ಗಂಟಾಯಿತು. ಮೂಗು ಪರದೆಗೆ ತಾಗುವಷ್ಟು ಬಗ್ಗಿದರು.

"ಇದರಲ್ಲಿ ಏನೂ ಇಲ್ಲ. ಮೊದಲಿದ್ದ ಹಾಗೇ ಇದೆ. ನೀನು ಏನೂ ಮಾಡೇ ಇಲ್ಲ ಕಣೋ."

ಆರು ವರ್ಷದ 'ನೀವು' ತಟ್ಟನೆ 'ನೀನು' ಆದದ್ದು ಅವನಿಗೆ ಕೇಳಿಸಿತು, ಆದರೆ ಅದನ್ನು ಸವಿಯುವ ಸ್ಥಿತಿ ಇರಲಿಲ್ಲ. 0.2. ತಾನೇ ಹೊಡೆದ ಅಂಕಿ. ಹಾಗಾದರೆ ಮೊದಲಿನ ನಾಲ್ಕು? ಅದೃಷ್ಟವೇ? ಮಾವ ಅವನ ಬಾಯನ್ನೇ ನೋಡುತ್ತಿದ್ದರು. ನಾಲಗೆಯ ತುದಿಗೆ ಒಂದು ಮಾತು ಆಗಲೇ ಬಂದು ಕೂತಿತ್ತು: 'ಹೌದು ಮಾವ, ನಿಮ್ಮನ್ನ ಪರೀಕ್ಷೆ ಮಾಡೋಕೆ ಬೇಕಂತಲೇ ಏನೂ ಮಾಡಿರಲಿಲ್ಲ.' ಎಷ್ಟು ನುಣುಪಾದ ಸುಳ್ಳು. ಅದನ್ನು ಹೇಳಲು ಬಾಯಿ ತೆರೆಯುತ್ತಲೇ, ಕೈ ತಾನಾಗಿ ಅಂಕಿಯ ಕಿಟಕಿಯನ್ನು ತೆರೆದಿತ್ತು.

ಅಲ್ಲಿ ಸೊನ್ನೆ ಇತ್ತು.

ಅವಸರದಲ್ಲಿ ಅವನು ಸೇವ್ ಒತ್ತಿರಲೇ ಇಲ್ಲ.

"ಸೇವ್ ಮಾಡೋದು ಮರೆತಿದೀನಿ ಮಾವ," ಅಂದ. "0.2 ಹೊಡೆದಿದ್ದೆ, ಅದು ಹೋಗೇ ಇಲ್ಲ. ಸೊನ್ನೆಯೇ ಇದೆ. ನೀವು ಹೇಳಿದ್ದೇ ಸರಿ."

ಮಾವ ಪರದೆ ನೋಡಿದರು, ಅಳಿಯನನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಕೆಮ್ಮು ಬರುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ. "ಮೆಕ್ಯಾನಿಕ್ ಆಗಿದ್ದಿದ್ರೆ ಒಂದೇ ದಿನಕ್ಕೆ ಕೆಲಸದಿಂದ ತೆಗೀತಿದ್ದೆ ನಿನ್ನ," ಅಂದರು. "ನಟ್ಟು ಬಿಗಿಯದೆ ಮುಚ್ಚಳ ಹಾಕೋದಾ?"

ಜೇಬಿನಲ್ಲಿದ್ದ ಫೋನು ಆಗಲೇ ಗುರ್ರೆಂದಿತು. ಗೋದಾಮಿನ ಮೇಡಂ ತಾನೇ ಮಾಡಿದ್ದಳು. ಮಾವ ಕಣ್ಣೊರೆಸಿಕೊಂಡು, ಅಂಗಿ ಸರಿಮಾಡಿಕೊಂಡು ಎತ್ತಿದರು.

"ಹಾಂ, ನಾನೇ. ಬರ್ತೀನಿ, ಸೋಮವಾರ. ಮೇಡಂ, ಒಂದು ಮಾತು ಕೇಳಿ. ನಾನು ಬರೋವರೆಗೂ ಒಂದು ಯಂತ್ರಕ್ಕೂ ಕರೆಂಟ್ ಕೊಡಬೇಡಿ. ಇಲ್ಲ, ಒಂದನ್ನೂ ಬೇಡ. ಎಷ್ಟೋ ವರ್ಷ ಮಲಗಿದ್ದವು, ಒಮ್ಮೆಗೇ ಎಬ್ಬಿಸಿದ್ರೆ ಸುಟ್ಟುಕೊಳ್ತಾವೆ. ಇಲಿ ಓಡಾಡಿದೆಯಾ ಅಲ್ಲಿ? ಓಡಾಡಿರುತ್ತೆ. ಮತ್ತೆ ಎರಡನೇದು, ಯಾವ ಯಂತ್ರ ಎಳೀತಿದೆ ಅಂತ ನಾನು ಹೇಳಿದ್ರೆ, ಅದು ಎಳೀತಿದೆ ಅಂತ ಅರ್ಥ. ಆಮೇಲೆ ವಾದ ಬೇಡ."

ಮಧ್ಯಾಹ್ನ ಮಗಳು ಬಂದಾಗ ಇಬ್ಬರೂ ಪರದೆಯ ಮುಂದೆ ಒಂದೇ ಕುರ್ಚಿಗೆ ಆತುಕೊಂಡಿದ್ದರು. ಮಾವ ಅಂಕಿ ಹೇಳುತ್ತಿದ್ದರು, ಅಳಿಯ ಹೊಡೆಯುತ್ತಿದ್ದ. ರೆಕ್ಕೆಯ ಬಲ ಸ್ವಲ್ಪ ಇಳಿಸಬೇಕಂತೆ, ರಬ್ಬರು ಅಷ್ಟು ಪುಟಿಯಬಾರದಂತೆ.

"ಊಟ?" ಅಂದಳು ಅವಳು.

"ಸೇವ್ ಮಾಡಿ ಬರ್ತೀವಿ," ಅಂದರು ಮಾವ. "ಇವನಿಗೆ ಜ್ಞಾಪಿಸಬೇಕು."

"ಇವನಿಗೆ?" ಅವಳು ಹುಬ್ಬೇರಿಸಿದಳು. "ಅಳಿಯಂದಿರು ಯಾವಾಗ ಇವನು ಆದ್ರು?"

ಇಬ್ಬರೂ ಉತ್ತರ ಕೊಡಲಿಲ್ಲ. ಅವಳಿಗೆ ಅದು ಹೊಸದೇನಲ್ಲ. ಆದರೆ ಈ ಸಲದ ಮೌನ ಬೇರೆ ತರಹದ್ದಿತ್ತು, ಇಬ್ಬರೂ ಸೇರಿ ಒಂದೇ ಹೊದಿಕೆ ಹೊದ್ದ ಹಾಗೆ. ಅವಳು ತಟ್ಟೆ ಇಡಲು ಹೋದಳು.

ಸೋಮವಾರ ಮಾವ ಪೆಟ್ಟಿಗೆ ಹಿಡಿದು ಮಗಳ ಬಸ್ಸಿನಲ್ಲೇ ಗೋದಾಮಿಗೆ ಹೋದರು. ಹನ್ನೊಂದರಲ್ಲಿ ಏಳು ಯಂತ್ರ ಆ ತಿಂಗಳೇ ಎದ್ದು ನಿಂತವು. ಸಂಜೆ ಮನೆಗೆ ಬಂದ ಮಾವ, ಅವತ್ತು ಏನೇನು ಬಿಚ್ಚಿದೆ, ಯಾವುದರೊಳಗೆ ಏನು ಸಿಕ್ಕಿತು ಎಂದು ಅಳಿಯನ ಕೋಣೆಗೆ ಬಂದು ಹೇಳುತ್ತಿದ್ದರು. ಅವನೂ ಒಂದೊಂದು ದಿನ ತನ್ನ ಪುಟಗಳ ಬಗ್ಗೆ ಹೇಳುತ್ತಿದ್ದ. ಆ ಐದು ಗುಂಡಿನ ಪರೀಕ್ಷೆಯ ಕಥೆಯನ್ನು ಮಾವ ಗೋದಾಮಿಗೆ ಬಂದವರಿಗೆಲ್ಲ ಹೇಳಿದರು. ಅಳಿಯ ಸೇವ್ ಒತ್ತಲು ಮರೆತ ಭಾಗ ಬಂದಾಗ ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ.

ಅಂಕಿಯ ಕಿಟಕಿ ತೆರೆಯುವ ಮುಂಚಿನ ಆ ಒಂದು ಕ್ಷಣದಲ್ಲಿ, ಮಾವನ ಕಣ್ಣು ಹೋಗಿದೆ ಎಂದು ತಾನೂ ನಂಬಿಬಿಟ್ಟಿದ್ದೆ ಎಂಬುದನ್ನು ಅವನು ಯಾವತ್ತೂ ಹೇಳಲಿಲ್ಲ.